ಶಟಲ್ ಆಡಿ ಬಂದವನ ಟೆನಿಸ್: ಇರುವ ಕೈಗುಣ ಬಿಡಬೇಕಾ, ಅದರ ಮೇಲೇ ಆಟ ಕಟ್ಟಬೇಕಾ?

ಶಟಲ್‌ನಿಂದ ಬಂದವ:

ನಮಸ್ಕಾರ ಎಲ್ಲರಿಗೂ. ವಯಸ್ಸು 34, ಊರು ಶಿವಮೊಗ್ಗದ ಕಡೆ, ಕೆಲಸ ಬೆಂಗಳೂರಲ್ಲಿ. ಸ್ಕೂಲಿನಿಂದ ಕಾಲೇಜು ಮುಗಿಯುವವರೆಗೂ ಶಟಲ್ ಆಡಿದವನು, ಕಾಲೇಜು ಟೀಮಿನಲ್ಲೂ ಇದ್ದೆ. ಈಗ ಟೆನಿಸ್ ಹುಚ್ಚು ಹಿಡಿದಿದೆ. ಬೆಳಗ್ಗೆ ಮನೆ ಹತ್ತಿರದ ಕೋರ್ಟಿನಲ್ಲಿ ಕೋಚಿಂಗ್ ಬ್ಯಾಚು, ವಾರದ ಕೊನೆಗೆ ಮ್ಯಾಚು.

ಬ್ಯಾಚಿನಲ್ಲಿ ಎಲ್ಲರಿಗೂ ಒಂದೇ ಪಾಠ. ಬೇಸ್‌ಲೈನ್ (ಕೋರ್ಟಿನ ಹಿಂದಿನ ಗೆರೆ) ಹಿಂದೆ ನಿಲ್ಲು, ರ್‍ಯಾಕೆಟ್ ದೊಡ್ಡದಾಗಿ ಹಿಂದೆ ತಗೊಂಡು ಹೋಗು, ಕೆಳಗಿಂದ ಮೇಲಕ್ಕೆ ಉಜ್ಜಿ ಟಾಪ್‌ಸ್ಪಿನ್ ಹೊಡಿ, ಕ್ರಾಸ್ ಕೋರ್ಟ್ (ಮೂಲೆಯಿಂದ ಮೂಲೆಗೆ) ರ್‍ಯಾಲಿ ಮಾಡು. ಬಾಸ್ಕೆಟ್‌ನಿಂದ ಬಾಲ್ ಹಾಕಿದಾಗ ನಾನೂ ಚೆನ್ನಾಗೇ ಹೊಡೆಯುತ್ತೇನೆ. ಮ್ಯಾಚಿನಲ್ಲಿ ಮಾತ್ರ ಕೊನೇ ಕ್ಷಣದಲ್ಲಿ ಮಣಿಕಟ್ಟು ತಾನಾಗೇ ತಿರುಗಿಬಿಡುತ್ತದೆ, ಬಾಲ್ ಒಂದೋ ಹಿಂದಿನ ಬೇಲಿಗೆ, ಇಲ್ಲ ನೆಟ್ಟಿನ ಬುಡಕ್ಕೆ.

ಆದರೆ ನೆಟ್ ಹತ್ತಿರ ನಿಂತರೆ ನಾನು ಬೇರೆಯೇ ಮನುಷ್ಯ. ಎದುರಿನವರ ಭುಜ ನೋಡಿದರೇ ಬಾಲ್ ಯಾವ ಕಡೆ ಅಂತ ಗೊತ್ತಾಗುತ್ತದೆ, ಕೈ ಆಗಲೇ ಅಲ್ಲಿರುತ್ತದೆ. ತಲೆ ಮೇಲಿಂದ ದಾಟಿಸಲು ಲಾಬ್ ಎತ್ತಿದರಂತೂ ಹಬ್ಬ. ಬಾಲನ್ನು ಮೇಲಿಂದ ಕೆಳಕ್ಕೆ ಸವರುವ ಬ್ಯಾಕ್‌ಹ್ಯಾಂಡ್ ಸ್ಲೈಸ್ ಯಾರೂ ಹೇಳಿಕೊಡದೆ ಬಂತು. ಡ್ರಾಪ್ ಶಾಟ್ ಕೂಡ.

ಇನ್ನು ಕೊರತೆಗಳು. ಎತ್ತರ 5 ಅಡಿ 6 ಇಂಚು. ಚುರುಕಾಗಿ ನಾಲ್ಕು ಹೆಜ್ಜೆ ಓಡಬಲ್ಲೆ, ಹದಿನೈದು ಹೊಡೆತದ ರ್‍ಯಾಲಿ ಆದರೆ ಉಸಿರು ಬಿಗಿಯುತ್ತದೆ. ಮೊದಲನೆಯದು ತಪ್ಪಿದಾಗ ಹೊಡೆಯುವ ಎರಡನೇ ಸರ್ವ್ ಬಗ್ಗೆ ಕೇಳಲೇಬೇಡಿ. ಈಚೆಗೆ ಒಂದು ಕ್ಲಬ್ ಟೂರ್ನಿಯಲ್ಲಿ ಮೊದಲ ರೌಂಡಿಗೇ ಮನೆ ಸೇರಿದೆ, ಅದೂ ಬಂದ ಬಾಲನ್ನೆಲ್ಲ ಸುಮ್ನೆ ವಾಪಸ್ ತಳ್ಳುವ ಐವತ್ತು ದಾಟಿದ ಅಂಕಲ್ ಒಬ್ಬರ ಎದುರು.

ಈಗ ಪ್ರಶ್ನೆ. ಇರುವುದನ್ನೆಲ್ಲ ಮರೆತು ಕೋಚ್ ಹೇಳುವ ಆಟವನ್ನೇ ಕಲಿಯಬೇಕಾ? ಅಥವಾ ನನಗೆ ತಾನಾಗಿ ಬಂದಿರುವುದನ್ನೇ ಹಿಡಿದು ಆಟ ಕಟ್ಟಬಹುದಾ? ನೆಟ್ಟಿಗೆ ಓಡುವ ಆಟ ಸತ್ತು ಎಷ್ಟೋ ಕಾಲವಾಯ್ತು ಅಂತ ಆಫೀಸಿನ ಗೆಳೆಯ ನಗುತ್ತಾನೆ.

ಕಬ್ಬನ್ ಪಾರ್ಕ್ ಹಳಬ:

ನಿಮ್ಮ ಗೆಳೆಯರಿಗೆ ನಮ್ಮ ದೇಶದ ರಮೇಶ್ ಕೃಷ್ಣನ್ ಹಳೇ ಮ್ಯಾಚು ತೋರಿಸಿ. ಸರ್ವ್ ನೋಡಿದರೆ ಇಷ್ಟೇನಾ ಅನ್ನಿಸುತ್ತದೆ. ವೇಗ ಇಲ್ಲ, ಎದುರಿನವರು ಮುಟ್ಟಲಾರದ ಏಸ್ ಇಲ್ಲ, ಪಾಯಿಂಟ್ ಶುರು ಮಾಡುವುದಕ್ಕೊಂದು ಸರ್ವ್ ಅಷ್ಟೇ. ಹೊಡೆತದಲ್ಲೂ ಅಬ್ಬರ ಇಲ್ಲ. ಆ ಆಟ ಇಟ್ಟುಕೊಂಡೇ ಅವರು 1981 ಮತ್ತು 1987ರಲ್ಲಿ ಅಮೆರಿಕ ಓಪನ್, 1986ರಲ್ಲಿ ವಿಂಬಲ್ಡನ್ ಕ್ವಾರ್ಟರ್ ಫೈನಲ್ ತಲುಪಿದರು. 1989ರಲ್ಲಿ ಆಸ್ಟ್ರೇಲಿಯನ್ ಓಪನ್ ಎರಡನೇ ರೌಂಡಿನಲ್ಲಿ ಮ್ಯಾಟ್ಸ್ ವಿಲಾಂಡರ್ ಅವರನ್ನು ಸೋಲಿಸಿದರು. ವಿಲಾಂಡರ್ ಆಗ ವಿಶ್ವದ ನಂಬರ್ ಒನ್, ಹಿಂದಿನ ವರ್ಷ ಮೂರು ಗ್ರ್ಯಾಂಡ್ ಸ್ಲ್ಯಾಮ್ ಗೆದ್ದವರು.

ಹೇಗೆ? ಬಾಲನ್ನು ಬೇಗ ತಗೊಳ್ಳುತ್ತಿದ್ದರು. ನೆಲಕ್ಕೆ ಬಿದ್ದು ಏಳುತ್ತಿದ್ದ ಹಾಗೇ ಚಿಕ್ಕ ಸ್ವಿಂಗಿನಲ್ಲಿ, ಎದುರಿನವರ ವೇಗವನ್ನೇ ಬಳಸಿ, ಖಾಲಿ ಜಾಗಕ್ಕೆ ಕಳಿಸುವುದು. ತಮ್ಮ ಹತ್ತಿರ ಶಕ್ತಿ ಇಲ್ಲ ಅಂತ ಜಿಮ್ಮಿನಲ್ಲಿ ಕೂತು ಬೋರಿಸ್ ಬೆಕರ್ ಆಗಲು ಹೋಗಲಿಲ್ಲ. ಕಣ್ಣು, ಕೈ, ತಲೆ ಇತ್ತು. ಅದಕ್ಕೆ ತಕ್ಕ ಆಟ ಆಡಿದರು.

ಲಿಯಾಂಡರ್ ಪೇಸ್ ಇನ್ನೊಂದು ಉದಾಹರಣೆ. ಬೇಸ್‌ಲೈನಿನಲ್ಲಿ ನಿಲ್ಲಿಸಿ ಬರೀ ಫೋರ್‌ಹ್ಯಾಂಡ್ ಬ್ಯಾಕ್‌ಹ್ಯಾಂಡ್ ಹೊಡೆಸಿದ್ದರೆ ಆ ಕಾಲದ ನೂರಾರು ಜನ ಅವರಿಗಿಂತ ಚೆನ್ನಾಗಿ ಹೊಡೆಯುತ್ತಿದ್ದರು. ಆದರೆ ನೆಟ್ಟಿನಲ್ಲಿ ಅಷ್ಟು ಚುರುಕು ಕೈ ಬಹಳ ಕಡಿಮೆ ಜನಕ್ಕಿತ್ತು. ಅಟ್ಲಾಂಟಾದಲ್ಲಿ 1996ರ ಕಂಚು ಬಂದಿದ್ದು ಸಿಂಗಲ್ಸ್‌ನಲ್ಲಿ ಅನ್ನುವುದನ್ನು ಮರೆಯಬೇಡಿ. ಡಬಲ್ಸ್ ಮತ್ತು ಮಿಕ್ಸೆಡ್ ಸೇರಿ 18 ಗ್ರ್ಯಾಂಡ್ ಸ್ಲ್ಯಾಮ್ ಅಂತೂ ಆ ಕೈಗಳದ್ದೇ ಸಂಪಾದನೆ.

ನೀವು ಬರೆದಿರುವುದನ್ನು ಓದಿದರೆ ನಿಮ್ಮದು ನೆಟ್ ಆಟ. ಸ್ಲೈಸ್ ಹಾಕಿ, ಮುಂದೆ ಹೋಗಿ, ಬಾಲ್ ನೆಲಕ್ಕೆ ಬೀಳುವ ಮೊದಲೇ ವಾಲಿ ಹೊಡೆಯಿರಿ. ಬ್ಯಾಚಿನಲ್ಲಿ ಏನು ಮಾಡಿಸುತ್ತಾರೋ ಮಾಡಿ, ಮ್ಯಾಚಿನಲ್ಲಿ ನಿಮ್ಮ ಆಟ ಆಡಿ.

ಬೇಸ್‌ಲೈನ್ ಬಸಣ್ಣ:

ಹಳಬರ ಮಾತಿಗೆ ಗೌರವ ಇದೆ, ಆದರೆ ಒಪ್ಪುವುದು ಕಷ್ಟ. 1989ರ ಮಾತು 1989ಕ್ಕೆ. 2001ರ ವಿಂಬಲ್ಡನ್ ಫೈನಲ್‌ನಲ್ಲಿ ಇವಾನಿಸೆವಿಚ್ ಮತ್ತು ರಾಫ್ಟರ್ ಇಬ್ಬರೂ ಸರ್ವ್ ಮಾಡಿ ನೆಟ್ಟಿಗೆ ಓಡುವವರು. ಮುಂದಿನ ವರ್ಷವೇ ಅದೇ ಕೋರ್ಟಿನಲ್ಲಿ ಹೆವಿಟ್ ಮತ್ತು ನಲ್ಬಂಡಿಯನ್, ಇಬ್ಬರೂ ಬೇಸ್‌ಲೈನ್ ಬಿಟ್ಟು ಕದಲದವರು. ಹುಲ್ಲು ಬದಲಾಯ್ತು, ಪಾಲಿಯೆಸ್ಟರ್ ಸ್ಟ್ರಿಂಗ್ ಬಂತು. ಎಷ್ಟು ಜೋರಾಗಿ ಬೀಸಿದರೂ ಟಾಪ್‌ಸ್ಪಿನ್ ಬಾಲನ್ನು ಕೋರ್ಟಿನ ಒಳಗೇ ಇಳಿಸುತ್ತದೆ. ನೆಟ್ಟಿನಲ್ಲಿ ನಿಂತವನ ಕಾಲ ಬುಡಕ್ಕೇ ಬೀಳುತ್ತದೆ.

ಇನ್ನೊಂದು. ಬಲ ಇರುವ ಕಡೆಯೇ ಆಡುತ್ತೇನೆ ಅಂದರೆ ಎದುರಿನವರು ಬಿಡಬೇಕಲ್ಲ? ಸಾನಿಯಾ ಮಿರ್ಜಾ ಫೋರ್‌ಹ್ಯಾಂಡ್ ನೋಡಿ. ಅಂಥ ಫೋರ್‌ಹ್ಯಾಂಡ್ ಆ ಕಾಲದಲ್ಲಿ ಕೈಬೆರಳೆಣಿಕೆಯಷ್ಟು ಜನರ ಹತ್ತಿರ ಇತ್ತು. ಅದರ ಮೇಲೇ 2007ರಲ್ಲಿ ಸಿಂಗಲ್ಸ್‌ನಲ್ಲಿ 27ನೇ ಸ್ಥಾನ ಮುಟ್ಟಿದರು. ಆದರೆ ಅಲ್ಲಿಂದ ಮೇಲೆ? ಎರಡನೇ ಸರ್ವ್ ಮೆತ್ತಗಿತ್ತು, ಪಕ್ಕಕ್ಕೆ ಓಡಾಟ ನಿಧಾನ. ದೊಡ್ಡ ಆಟಗಾರ್ತಿಯರು ಫೋರ್‌ಹ್ಯಾಂಡ್ ಹತ್ತಿರ ಬಾಲೇ ಕಳಿಸುತ್ತಿರಲಿಲ್ಲ, ಸರ್ವ್ ಮೇಲೆ ಬೀಳುತ್ತಿದ್ದರು. ಕೊರತೆ ಮುಚ್ಚದೆ ಬಲವನ್ನೇ ನೆಚ್ಚಿದರೆ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತೀರಿ. ಫೋರ್‌ಹ್ಯಾಂಡ್ ಕಲಿಯಿರಿ ಬ್ರದರ್, ಶಾರ್ಟ್‌ಕಟ್ ಇಲ್ಲ.

ಕಬ್ಬನ್ ಪಾರ್ಕ್ ಹಳಬ:

ಬಸಣ್ಣ, ಸಾನಿಯಾ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿಬಿಟ್ಟಿರಲ್ಲ. ಮಣಿಕಟ್ಟಿನ ಆಪರೇಷನ್ ಆದಮೇಲೆ ಸಿಂಗಲ್ಸ್ ಬಿಟ್ಟು ಡಬಲ್ಸ್‌ಗೆ ಹೋದರು. ಅಲ್ಲಿ ಡ್ಯೂಸ್ ಕೋರ್ಟಿನಲ್ಲಿ (ಕೋರ್ಟಿನ ಬಲಭಾಗ) ನಿಂತರು. ಅಂದರೆ ಅರ್ಧ ಕೋರ್ಟು ಮಾತ್ರ ಕಾಯಬೇಕು, ಫೋರ್‌ಹ್ಯಾಂಡ್ ಹೊಡೆಯಲು ಅವಕಾಶ ಜಾಸ್ತಿ. ಪಕ್ಕದಲ್ಲಿ ನೆಟ್ಟಿನ ರಾಣಿ, ಸ್ವಿಟ್ಜರ್ಲೆಂಡಿನ ಮಾರ್ಟಿನಾ ಹಿಂಗಿಸ್. 2015ರ ವಿಂಬಲ್ಡನ್, ಅದೇ ವರ್ಷದ ಅಮೆರಿಕ ಓಪನ್, 2016ರ ಆಸ್ಟ್ರೇಲಿಯನ್ ಓಪನ್, ಮೂರೂ ಸಾಲಾಗಿ. ನಡುವೆ ಸತತ 41 ಮ್ಯಾಚು ಸೋತಿಲ್ಲ. ಸರ್ವ್ ಏನು ರಾತ್ರೋರಾತ್ರಿ ಸೆರೆನಾ ಸರ್ವ್ ಆಗಲಿಲ್ಲ. ಆಡುವ ಜಾಗ ಬದಲಾಯ್ತು, ಅಷ್ಟೇ. ಇದನ್ನೇ ನಾನು ಹೇಳುತ್ತಿರುವುದು.

ಬೇಸ್‌ಲೈನ್ ಬಸಣ್ಣ:

ಹಾಗಾದರೆ ಅವರು ಡಬಲ್ಸ್ ಆಡಲಿ ಅನ್ನಿ. ಕೇಳಿದ್ದು ಸಿಂಗಲ್ಸ್ ಬಗ್ಗೆ ಅಲ್ವಾ?

ಹುಬ್ಬಳ್ಳಿ ಕೋಚ್:

ನೋಡ್ರಿ, ಇಬ್ಬರೂ ದೊಡ್ಡ ದೊಡ್ಡ ಹೆಸರು ಹೇಳಿದಿರಿ. ಕೇಳಿದವರು ಬೆಳಗ್ಗೆ ಆಡಿ ಆಫೀಸಿಗೆ ಓಡುವ ಮನುಷ್ಯ. ಅವರ ಮಟ್ಟದಲ್ಲಿ ಎದುರಿಗೆ ನಿಂತವರೂ ಅಷ್ಟೇ, ಕಾಲ ಬುಡಕ್ಕೆ ಟಾಪ್‌ಸ್ಪಿನ್ ಇಳಿಸುವ ಪೈಕಿ ಅಲ್ಲ. ಓಡುತ್ತ, ನೆಟ್ಟಿನಲ್ಲಿ ನಿಂತವನನ್ನು ದಾಟಿಸುವ ಪಾಸಿಂಗ್ ಶಾಟ್ ಹೊಡಿ ಅಂದರೆ ಕ್ಲಬ್ಬಿನಲ್ಲಿ ಬಹಳ ಮಂದಿ ನೆಟ್ಟಿಗೇ ಹೊಡೆಯುತ್ತಾರೆ. ಹಾಗಾಗಿ ನೆಟ್ ಆಟ ಸತ್ತಿದೆ ಅನ್ನುವುದು ಟಿವಿ ಮಾತು.

ನಿಮ್ಮ ಕೋಚ್ ಪರವಾಗಿ ಒಂದು ಮಾತು. ಬ್ಯಾಚಿನಲ್ಲಿ ಎಂಟು ಹತ್ತು ಮಂದಿ, ಒಂದು ಗಂಟೆ ಟೈಮು. ಎಲ್ಲರ ಕಾಲಿಗೂ ಒಂದೇ ಅಳತೆಯ ಚಪ್ಪಲಿ ಕೊಡದೆ ಬೇರೆ ದಾರಿ ಇರುವುದಿಲ್ಲ. ನಾನೂ ಹಾಗೇ ಮಾಡುತ್ತೇನೆ. ಅದು ನಿಮ್ಮ ಆಟದ ನಕ್ಷೆ ಅಲ್ಲ, ಅಡಿಪಾಯ ಅಷ್ಟೇ. ನಕ್ಷೆ ನೀವೇ ಹಾಕಬೇಕು, ಇಲ್ಲ ಒಂದೆರಡು ದಿನ ಕೋಚನ್ನು ಒಬ್ಬರೇ ಕೂರಿಸಿಕೊಂಡು ಕೇಳಬೇಕು.

ಮೊದಲು ನಿಮ್ಮ ಬಲ ನಿಜವಾಗಿಯೂ ಬಲವಾ ಅಂತ ನೋಡಿ. ಇಷ್ಟವಾದ ಹೊಡೆತವೇ ಬೇರೆ, ಪಾಯಿಂಟ್ ತರುವ ಹೊಡೆತವೇ ಬೇರೆ. ಗೆಳೆಯರೊಬ್ಬರ ಕೈಗೆ ಹಾಳೆ ಪೆನ್ನು ಕೊಟ್ಟು ಒಂದು ಮ್ಯಾಚು ಪೂರ್ತಿ ಬರೆಸಿ. ಪ್ರತಿ ಪಾಯಿಂಟ್ ಹೇಗೆ ಮುಗಿಯಿತು, ಯಾವ ಹೊಡೆತದಲ್ಲಿ, ನೀವು ಎಲ್ಲಿ ನಿಂತಿದ್ದಿರಿ. ಅಷ್ಟು ಸಾಕು. 30-40 ಆಗಿ, ಇನ್ನೊಂದು ಪಾಯಿಂಟ್ ಹೋದರೆ ನಿಮ್ಮ ಸರ್ವ್ ಗೇಮೇ ಹೋಗುತ್ತದೆ ಅನ್ನುವಾಗ ಏನು ಹೊಡೆದಿರಿ ಅನ್ನುವುದಕ್ಕೆ ಕೆಳಗೊಂದು ಗೆರೆ ಎಳೆಯಲು ಹೇಳಿ. ಗಾಬರಿ ಆದಾಗಲೂ ಕೈ ಬಿಡದ ಹೊಡೆತವೇ ನಿಮ್ಮ ನಿಜವಾದ ಆಸ್ತಿ. ಹೀಗೆ ಬರೆಸಿದಾಗ ಎಷ್ಟೋ ಮಂದಿಗೆ ಅವರು ಹೆಮ್ಮೆ ಪಡುವ ಫೋರ್‌ಹ್ಯಾಂಡೇ ಅವರನ್ನು ಸೋಲಿಸುತ್ತಿರುವುದು ಕಾಣುತ್ತದೆ.

ಈಗ ಶಟಲ್ ವಿಚಾರ, ಇದು ಮುಖ್ಯ. ಶಟಲ್ ಕಾಕ್ ತೂಕ ಸುಮಾರು 5 ಗ್ರಾಂ. ಟೆನಿಸ್ ಬಾಲ್ 56ರಿಂದ 59 ಗ್ರಾಂ. ಹತ್ತು ಪಟ್ಟಿಗಿಂತ ಜಾಸ್ತಿ. ರ್‍ಯಾಕೆಟ್ ಕೂಡ ಹಾಗೇ, ಅಲ್ಲಿ ನೂರು ಗ್ರಾಂ ಒಳಗೆ, ಇಲ್ಲಿ ಮುನ್ನೂರರ ಆಸುಪಾಸು. ಅಲ್ಲಿ ಮಣಿಕಟ್ಟಿನ ಒಂದು ಝಳಕಿಗೆ ಕಾಕ್ ಹಾರಿಹೋಗುತ್ತದೆ. ಇಲ್ಲಿ ಅದೇ ಝಳಕು ಕೊಟ್ಟರೆ ಬಾಲಿನ ತೂಕವೇ ರ್‍ಯಾಕೆಟ್ ಮುಖವನ್ನು ತಿರುಗಿಸುತ್ತದೆ. ಬೇಲಿಗೆ ಅಥವಾ ನೆಟ್ಟಿಗೆ ಹೋಗುವುದು ಅದಕ್ಕೇ. ಮೇಲಾಗಿ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಗಾಳಿ ತೆಳು, ಬಾಲ್ ಒಂದಿಷ್ಟು ಜಾಸ್ತಿಯೇ ಹಾರುತ್ತದೆ. ಮಂಗಳೂರಿನಿಂದ ಆಡಲು ಬಂದವರನ್ನು ಕೇಳಿ ನೋಡಿ.

ಹಾಗಾಗಿ ಮಣಿಕಟ್ಟಿಗೆ ಎಲ್ಲಿ ಕೆಲಸ, ಎಲ್ಲಿ ರಜೆ ಅಂತ ಹಂಚಿಬಿಡಿ. ಡ್ರಾಪ್ ಶಾಟ್, ಮೆತ್ತಗಿನ ವಾಲಿ, ಚಿಕ್ಕ ಕೋನದ ಹೊಡೆತ, ಇಲ್ಲಿ ಕೆಲಸ ಕೊಡಿ. ಫೋರ್‌ಹ್ಯಾಂಡ್ ಡ್ರೈವ್ ಮತ್ತು ಜೋರು ಬಾಲಿನ ವಾಲಿ, ಇಲ್ಲಿ ಬಿಗಿ ಹಿಡಿಯಿರಿ. ದೊಡ್ಡ ಸ್ವಿಂಗ್ ಬೇಡವೇ ಬೇಡ. ರ್‍ಯಾಕೆಟ್ ಸೊಂಟದ ಪಕ್ಕದವರೆಗೆ ಮಾತ್ರ ಹಿಂದೆ ಹೋಗಲಿ, ಭುಜ ತಿರುಗಿಸಿ ತಳ್ಳಿ. ನಿಮ್ಮ ಫೋರ್‌ಹ್ಯಾಂಡ್ ಪಾಯಿಂಟ್ ಗೆಲ್ಲಬೇಕಾಗಿಲ್ಲ. ಆಳವಾಗಿ ಬಿದ್ದರೆ ಸಾಕು. ಬಸಣ್ಣ ಹೇಳಿದ್ದರಲ್ಲಿ ಇಷ್ಟು ನಿಜ: ಕೊರತೆಯನ್ನು ಬಲ ಮಾಡಲು ಹೋಗಬೇಡಿ, ಆದರೆ ಎದುರಿನವರು ಕಣ್ಣುಮುಚ್ಚಿ ಅಲ್ಲಿಗೇ ಬಾಲ್ ಹಾಕಿ ಗೆಲ್ಲುವಷ್ಟು ಸಡಿಲವಾಗಿಯೂ ಬಿಡಬೇಡಿ.

ಎರಡನೇ ಸರ್ವ್ ಮಾತ್ರ ತಪ್ಪಿಸಿಕೊಳ್ಳಲಾಗದ ಕೊರತೆ. ಕೆಟ್ಟ ಫೋರ್‌ಹ್ಯಾಂಡನ್ನು ಬಚ್ಚಿಡಬಹುದು, ಬ್ಯಾಕ್‌ಹ್ಯಾಂಡನ್ನು ಸುತ್ತಿ ಓಡಿ ಮುಚ್ಚಬಹುದು, ಸರ್ವ್ ಅನ್ನು ಎಲ್ಲಿ ಬಚ್ಚಿಡುತ್ತೀರಿ? ಆದರೆ ಆಶ್ಚರ್ಯ ಏನೆಂದರೆ ಶಟಲ್ ಆಡಿದವರಿಗೆ ಸರ್ವ್ ಸುಲಭವಾಗಿ ಬರಬೇಕು. ಶಟಲ್‌ನ ಫೋರ್‌ಹ್ಯಾಂಡ್ ಹಿಡಿತ ಮತ್ತು ಟೆನಿಸ್‌ನ ಕಾಂಟಿನೆಂಟಲ್ ಹಿಡಿತ ಹೆಚ್ಚೂಕಡಿಮೆ ಒಂದೇ, ಕೈ ಕುಲುಕುವ ಹಾಗೆ. ಸ್ಮ್ಯಾಶ್ ಹೊಡೆಯುವಾಗ ಮುಂಗೈ ಹೊರಕ್ಕೆ ತಿರುಗುತ್ತದಲ್ಲ, ಸರ್ವ್‌ಗೂ ಅದೇ ಬೇಕು. ಉಳಿದವರಿಗೆ ಇದನ್ನು ಕಲಿಸಲು ತಿಂಗಳುಗಟ್ಟಲೆ ಬೇಕು. ನಿಮ್ಮ ಹತ್ತಿರ ಇಲ್ಲದಿರುವುದು ಟಾಸ್, ಅಂದರೆ ಸರ್ವ್‌ಗೆ ಬಾಲ್ ಮೇಲೆ ಎಸೆಯುವುದು. ಶಟಲ್‌ನಲ್ಲಿ ಕಾಕನ್ನು ಮೇಲೆ ಎಸೆದು ಹೊಡೆಯುವ ಅಭ್ಯಾಸವೇ ಇಲ್ಲ. ಯಾರೋ ಎತ್ತಿ ಕೊಟ್ಟಿದ್ದನ್ನು ಹೊಡೆದು ರೂಢಿ.

ಕೋರ್ಟು ಕೂಡ ಬೇಡ, ಟೆರೇಸ್ ಸಾಕು. ಬಾಲನ್ನು ಅಂಗೈಯಲ್ಲಿ ಹಿಡಿಯಬೇಡಿ, ಬೆರಳ ತುದಿಯಲ್ಲಿ ಹಿಡಿಯಿರಿ. ಮೊಣಕೈ ಮಡಚಬೇಡಿ. ಕೈ ಕಣ್ಣಿನ ಮಟ್ಟ ದಾಟಿದ ಮೇಲೆ ಬಿಡಿ. ಮುಂದಿನ ಪಾದದ ಮುಂದೆ ರ್‍ಯಾಕೆಟನ್ನು ನೆಲಕ್ಕಿಟ್ಟು, ಎಸೆದ ಬಾಲ್ ಸ್ಟ್ರಿಂಗ್ ಮೇಲೆ ಬೀಳುತ್ತದಾ ನೋಡಿ. ಟಿವಿ ನೋಡುತ್ತಲೂ ಮಾಡಬಹುದು, ಹೆಂಡತಿ ಬೈದರೆ ನನ್ನ ಹೆಸರು ಹೇಳಬೇಡಿ. ಟಾಸ್ ಕೂತರೆ ಎರಡನೇ ಸರ್ವ್‌ಗೆ ಸ್ಲೈಸ್ ಕಲಿಯಿರಿ. ಬಾಲಿನ ಬಲಪಕ್ಕ ಸವರಿ ಹೊಡೆಯುವುದು. ಎರಡನೇ ಸರ್ವ್ ಅಂತ ಕೈ ನಿಧಾನ ಮಾಡಬೇಡಿ, ಅಲ್ಲೇ ಡಬಲ್ ಫಾಲ್ಟ್ ಹುಟ್ಟುವುದು. ಕೈ ವೇಗ ಅಷ್ಟೇ ಇರಲಿ, ಸವರುವುದು ಜಾಸ್ತಿ ಆಗಲಿ.

ಎಡಗೈ ಮೈಸೂರು:

ಇಲ್ಲಿ ಒಬ್ಬ ಹೆಂಗಸೂ ಮಾತಾಡಬಹುದಾ? 😄

ಕೋಚ್ ಸರ್ ಹೇಳಿದ ಹಾಳೆ ಪೆನ್ನಿನ ಐಡಿಯಾ ನೂರಕ್ಕೆ ನೂರು ಸರಿ. ನಾನು ಎಡಗೈಯವಳು, ನಿಧಾನ ಓಟ, ಜೋರು ಹೊಡೆತ ಅನ್ನುವುದು ನನ್ನ ಜಾತಕದಲ್ಲೇ ಇಲ್ಲ. ಹಾಗಂತ ಕೂತು ಅಳಲಿಲ್ಲ. ಎಡಗೈ ಸ್ಲೈಸ್ ಸರ್ವ್ ಅಡ್ವಾಂಟೇಜ್ ಕೋರ್ಟಿನಿಂದ (ಕೋರ್ಟಿನ ಎಡಭಾಗ) ಹೊಡೆದರೆ ಬಲಗೈಯವರ ಬ್ಯಾಕ್‌ಹ್ಯಾಂಡ್‌ನಿಂದ ಇನ್ನೂ ಹೊರಕ್ಕೆ ಸರಿದು ಹೋಗುತ್ತದೆ. ಅವರು ಕೋರ್ಟಿನ ಆಚೆ, ಈಚೆ ಪೂರ್ತಿ ಮೈದಾನ ಖಾಲಿ. 30-40, ಅಡ್ವಾಂಟೇಜ್ ಇಂಥ ಪಾಯಿಂಟುಗಳೆಲ್ಲ ಆ ಕಡೆಯಿಂದಲೇ ಆಡುವುದಲ್ವಾ, ಅದು ಎಡಗೈಯವರಿಗೆ ದೇವರು ಕೊಟ್ಟ ಬೋನಸ್. ನಡಾಲ್ ಬರೆಯುವುದು ಬಲಗೈಯಲ್ಲಿ, ಆಡುತ್ತಿದ್ದದ್ದು ಎಡಗೈಯಲ್ಲಿ. ಫೆಡರರ್ ಅವರ ಒಂದು ಕೈ ಬ್ಯಾಕ್‌ಹ್ಯಾಂಡ್ ಭುಜದೆತ್ತರಕ್ಕೆ ಬಾಲ್ ಹಾಕಿ ಹಾಕಿ ಪ್ಯಾರಿಸ್‌ನ ಫ್ರೆಂಚ್ ಓಪನ್‌ನಲ್ಲಿ ಎಷ್ಟು ಸತಾಯಿಸಿದರು ಅನ್ನುವುದು ಎಲ್ಲರಿಗೂ ಗೊತ್ತು. ಅವರ ಇಡೀ ಆಟದ ಮೊದಲ ಪಾಠವೇ ಅದು: ನನ್ನ ಅತಿ ಒಳ್ಳೇದು ನಿಮ್ಮ ಅತಿ ಕೆಟ್ಟದ್ದರ ಮೇಲೆ.

ಬಸಣ್ಣ ಅವರೇ, ಬೇಸ್‌ಲೈನಿನಲ್ಲೂ ಎಲ್ಲರೂ ಪುಸ್ತಕದಲ್ಲಿ ಇರುವ ಹಾಗೆ ಆಡುತ್ತಾರಾ? ರಷ್ಯಾದ ಮೆಡ್ವೆಡೆವ್ ನೋಡಿ. 198 ಸೆಂಟಿಮೀಟರ್ ಮನುಷ್ಯ. ರಿಸೀವ್ ಮಾಡಲು ಬೇಸ್‌ಲೈನಿನಿಂದ ಬಹಳ ಹಿಂದೆ ಹೋಗಿ ನಿಲ್ಲುತ್ತಾನೆ, ಕೈಕಾಲು ಎಲ್ಲೆಲ್ಲೋ, ಬಾಲ್ ಮಾತ್ರ ಚಪ್ಪಟೆಯಾಗಿ ವಾಪಸ್. ಯಾವ ಕೋಚಿಂಗ್ ಕ್ಯಾಂಪಿನಲ್ಲೂ ಆ ಫೋರ್‌ಹ್ಯಾಂಡ್ ಪಾಸಾಗುವುದಿಲ್ಲ. ಅದೇ ಕೈಯಲ್ಲಿ 2021ರ ಅಮೆರಿಕ ಓಪನ್ ಫೈನಲ್‌ನಲ್ಲಿ ಜೊಕೊವಿಚ್‌ಗೆ ಒಂದು ಸೆಟ್ಟೂ ಕೊಡಲಿಲ್ಲ. ಇನ್ನು ತೈವಾನಿನ ಶೇ ಸು-ವೇ ನನ್ನ ದೇವತೆ. ಎರಡೂ ಕಡೆ ಎರಡು ಕೈ, ತಲೆಬುಡ ಇಲ್ಲದ ಕೋನ, ಬೇಕಾದಾಗ ಡ್ರಾಪ್. 2018ರ ವಿಂಬಲ್ಡನ್‌ನಲ್ಲಿ ನಂಬರ್ ಒನ್ ಹಾಲೆಪ್ ಅವರನ್ನು ಮನೆಗೆ ಕಳಿಸಿದರು.

ಶಟಲ್ ಬ್ರದರ್, ನನ್ನದೊಂದು ಕಿವಿಮಾತು. ನಿಮ್ಮ ಸ್ಲೈಸ್ ಅನ್ನು ಬರೀ ಬಚಾವ್ ಆಗಲು ಬಳಸಬೇಡಿ. ಈಗಿನ ಹುಡುಗರೆಲ್ಲ ರ್‍ಯಾಕೆಟನ್ನು ಬಹಳ ಅಡಿಗೆ ತಿರುಗಿಸಿ ಹಿಡಿದು ಟಾಪ್‌ಸ್ಪಿನ್ ಹೊಡೆಯುವವರು. ಅವರಿಗೆ ಮೊಣಕಾಲಿಗಿಂತ ಕೆಳಗಿನ ಬಾಲ್ ಕಂಡರೆ ಆಗುವುದಿಲ್ಲ. ಅವರ ಫೋರ್‌ಹ್ಯಾಂಡಿಗೇ ಗಿಡ್ಡದಾಗಿ, ತಗ್ಗಾಗಿ ಸ್ಲೈಸ್ ಹಾಕಿ ನೋಡಿ. ಬಗ್ಗಲಾರದೆ ಎತ್ತಿ ಕೊಡುತ್ತಾರೆ. ಜೋರಾಗಿ ಹೊಡೆಯುವವರಿಗೆ ಜೋರಾದ ಬಾಲ್ ಕೊಡುವುದು ಅವರಿಗೆ ಊಟ ಹಾಕಿದ ಹಾಗಾಗುತ್ತದೆ.

ಶಟಲ್‌ನಿಂದ ಬಂದವ:

ಇಷ್ಟೊಂದು ಬರೆದದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಟಾಸ್ ವಿಷಯ ನೋಡಿ ಬೆಚ್ಚಿಬಿದ್ದೆ, ನಿಜಕ್ಕೂ ನನ್ನ ಟಾಸ್ ದಿನಕ್ಕೊಂದು ದಿಕ್ಕಿಗೆ ಹೋಗುತ್ತದೆ.

ಇನ್ನೆರಡು ಕೇಳುತ್ತೇನೆ. ಒಂದು, ಆ ತಳ್ಳುವ ಅಂಕಲ್ ಎದುರು ಏನು ಮಾಡಬೇಕಿತ್ತು? ಅವರು ಜೋರಾಗಿ ಹೊಡೆಯುವುದೇ ಇಲ್ಲ, ಹಾಗಾಗಿ ನನಗೆ ಬಳಸಿಕೊಳ್ಳಲು ವೇಗವೇ ಸಿಗಲಿಲ್ಲ. ನೆಟ್ಟಿಗೆ ಹೋದರೆ ತಲೆ ಮೇಲೆ ಲಾಬ್. ಎರಡು, ಮೊಣಕೈ ಹೊರಗಡೆ ಸಣ್ಣಗೆ ನೋವು ಶುರುವಾಗಿದೆ, ಇದಕ್ಕೂ ಶಟಲ್ ಕೈಗೂ ಸಂಬಂಧ ಇದೆಯಾ?

ಕೊಡಗಿನ ಕಾಫಿ:

ಕೋಚ್ ಉತ್ತರಿಸುವ ಮೊದಲು ನಮ್ಮೂರಿನವರ ಬಗ್ಗೆ ಎರಡು ಮಾತು ಹೇಳದೆ ಹೋಗಲಾರೆ, ಇಷ್ಟು ಹೊತ್ತಾದರೂ ಯಾರೂ ಹೆಸರೆತ್ತಲಿಲ್ಲ! ರೋಹನ್ ಬೋಪಣ್ಣ. ಎತ್ತರದ ಆಳು, ಸರ್ವ್ ಅಂದರೆ ಸಿಡಿಲು. ಸಿಂಗಲ್ಸ್‌ನಲ್ಲಿ ಮಾತ್ರ ಮೊದಲ ಇನ್ನೂರರ ಒಳಗೆ ಕೂಡ ಬರಲಿಲ್ಲ. ಉದ್ದ ರ್‍ಯಾಲಿ, ಓಡಾಟ ಅವರ ಮೈಗೆ ಒಗ್ಗಿದ್ದಲ್ಲ. ಡಬಲ್ಸ್‌ನಲ್ಲಿ ಒಂದು ಸರ್ವ್, ಒಂದು ಹೊಡೆತ, ಪಾಯಿಂಟ್ ಮುಗೀತು. 2010ರಲ್ಲಿ ಪಾಕಿಸ್ತಾನದ ಐಸಾಮ್ ಖುರೇಷಿ ಜೊತೆ ಅಮೆರಿಕ ಓಪನ್ ಫೈನಲ್, 2017ರಲ್ಲಿ ಫ್ರೆಂಚ್ ಓಪನ್ ಮಿಕ್ಸೆಡ್, ಕೊನೆಗೆ 2024ರಲ್ಲಿ ಆಸ್ಟ್ರೇಲಿಯಾದ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್. ಆಗ ವಯಸ್ಸು 43. ಅದೇ ಹೊತ್ತಿಗೆ ಡಬಲ್ಸ್ ನಂಬರ್ ಒನ್, ಆ ಸ್ಥಾನಕ್ಕೇರಿದವರಲ್ಲಿ ಎಲ್ಲರಿಗಿಂತ ಹಿರಿಯರು.

ಮೊಣಕಾಲಲ್ಲಿ ಕಾರ್ಟಿಲೇಜ್ ಸವೆದುಹೋಗಿದೆ ಅಂತ ಅವರೇ ಹೇಳಿದ್ದಾರೆ. ಅಯ್ಯಂಗಾರ್ ಯೋಗ ಮಾಡಿ ಕಾಲು ಉಳಿಸಿಕೊಂಡರು. ಗಮನಿಸಿ, ಬಲದ ಮೇಲೆ ಆಟ ಕಟ್ಟಿದರು ಅಂತ ಕೊರತೆ ಕಡೆ ನೋಡದೆ ಬಿಡಲಿಲ್ಲ. ಯೋಗ ಮಾಡಿದ್ದು ಮ್ಯಾರಥಾನ್ ರ್‍ಯಾಲಿ ಆಡಲಿಕ್ಕಲ್ಲ, ಆ ಸರ್ವ್ ಇನ್ನೊಂದಷ್ಟು ವರ್ಷ ನಡೆಯಲಿ ಅಂತ. ನನಗೆ ಇದರಲ್ಲಿ ಬಸಣ್ಣ, ಹಳಬರು ಇಬ್ಬರ ಮಾತೂ ಕಾಣುತ್ತದೆ.

ಬೇಸ್‌ಲೈನ್ ಬಸಣ್ಣ:

ಬೋಪಣ್ಣ ಹೆಸರು ತಂದು ಬಾಯಿ ಮುಚ್ಚಿಸಿಬಿಟ್ಟಿರಿ 🙏 ಆದರೂ ಒಂದು. ಸಾಂಪ್ರಸ್ ಹುಡುಗನಾಗಿದ್ದಾಗ ಎರಡು ಕೈ ಬ್ಯಾಕ್‌ಹ್ಯಾಂಡ್ ಚೆನ್ನಾಗೇ ಇತ್ತು. ಅದನ್ನು ಬಿಡಿಸಿ ಒಂದು ಕೈ ಮಾಡಿಸಿದರು. ಒಂದಷ್ಟು ಕಾಲ ಸೋತ, ಆಮೇಲೆ 14 ಗ್ರ್ಯಾಂಡ್ ಸ್ಲ್ಯಾಮ್. ಚೆನ್ನಾಗಿ ಬರುವುದನ್ನೂ ಬಿಡಬೇಕಾಗುತ್ತದೆ ಕೆಲವು ಸಲ.

ಹುಬ್ಬಳ್ಳಿ ಕೋಚ್:

ಬಸಣ್ಣ, ಅದು ಹದಿನಾಲ್ಕರ ವಯಸ್ಸಿನ ಹುಡುಗನಿಗೆ. ಅದನ್ನೂ ಮಾಡಿಸಿದ್ದು ಯಾಕೆ? ಸರ್ವ್ ಮಾಡಿ ನೆಟ್ಟಿಗೆ ಹೋಗುವ ಆಟಕ್ಕೆ ಅವನು ಸರಿ ಅಂತ ಕಂಡಿದ್ದರಿಂದ. ಬಲಕ್ಕೆ ಹೊಂದುವ ಹಾಗೆ ಉಳಿದದ್ದನ್ನು ಬದಲಿಸಿದರು. 34ಕ್ಕೆ ಆಫೀಸು ಇಟ್ಟುಕೊಂಡು ಹೊಸ ಫೋರ್‌ಹ್ಯಾಂಡ್ ಕಟ್ಟುವುದು ಬೇರೆ ಲೆಕ್ಕ.

ಈಗ ಅಂಕಲ್ ವಿಷಯ. ಅಂಥವರು ಊರಿಗೊಬ್ಬರು ಇರುತ್ತಾರೆ, ನಮ್ಮ ಕಡೆ ನಾಲ್ಕು ಜನ ಇದ್ದಾರೆ. ಅವರ ಬಲ ಏನು? ನೀವು ತಾಳ್ಮೆ ಕಳೆದುಕೊಳ್ಳುವುದು. ನೀವು ಅವರ ಜೊತೆ ಬೇಸ್‌ಲೈನಿನಲ್ಲಿ ನಿಂತು ತಳ್ಳಾಟಕ್ಕೆ ಇಳಿದಿರಿ, ಅಲ್ಲಿ ಅವರು ಪಿಎಚ್‌ಡಿ ಮಾಡಿದ್ದಾರೆ.

ಅವರ ಬಾಲ್ ಹೆಚ್ಚಾಗಿ ಸರ್ವೀಸ್ ಲೈನ್ (ನೆಟ್ಟಿಗೂ ಬೇಸ್‌ಲೈನಿಗೂ ನಡುವಿನ ಅಡ್ಡಗೆರೆ) ಹತ್ತಿರ ಬೀಳುತ್ತದೆ. ಅದು ನಿಮಗೆ ಕರೆಯೋಲೆ. ಎರಡು ದಾರಿ ಇದೆ. ಒಂದು, ಆ ಬಾಲನ್ನು ಬ್ಯಾಕ್‌ಹ್ಯಾಂಡ್ ಸ್ಲೈಸ್‌ನಲ್ಲಿ ಗೆರೆಗುಂಟ ನೇರ ಆಳಕ್ಕೆ ಹಾಕಿ ಮುಂದೆ ಹೋಗಿ. ಓಡುವಾಗ ಕೋರ್ಟಿನ ನಡುವಿಗೆ ಹೋಗಬೇಡಿ, ಬಾಲ್ ಹೋದ ಕಡೆಗೇ ಒಂದು ಹೆಜ್ಜೆ ವಾಲಿ ನಿಲ್ಲಿ. ಆಗ ನೇರ ಹೊಡೆತ ಮುಚ್ಚುತ್ತದೆ, ಅಡ್ಡ ಹೊಡೆತಕ್ಕೆ ನಿಮ್ಮ ಕೈ ಇದೆ. ಪೂರಾ ನೆಟ್ಟಿಗೆ ಅಂಟಿಕೊಳ್ಳಬೇಡಿ. ಅವರು ಲಾಬ್ ಎತ್ತುತ್ತಾರೆ ಅಂತ ಗೊತ್ತಲ್ಲ, ಸರ್ವೀಸ್ ಲೈನಿಗೂ ನೆಟ್ಟಿಗೂ ನಡುವೆ ನಿಂತು ಕಾಯಿರಿ. ಲಾಬ್ ಬಂದರೆ? ಬಾಲ್ಯದಿಂದ ನೀವು ಹೊಡೆದದ್ದೇ ಅದು. ಪಕ್ಕಕ್ಕೆ ತಿರುಗಿ, ಹಿಂದಕ್ಕೆ ಕಾಲು ಹಾಕಿ, ಎಡಗೈ ಬಾಲಿನ ಕಡೆ ಎತ್ತಿ ಹೊಡೆಯಿರಿ. ತೀರಾ ಆಳದ ಲಾಬ್ ಆದರೆ ನೆಲಕ್ಕೆ ಬಿಟ್ಟು ಹೊಡೆಯಿರಿ, ನಾಚಿಕೆ ಬೇಡ.

ಎರಡನೇ ದಾರಿ ನನಗೆ ಇನ್ನೂ ಇಷ್ಟ. ಅವರನ್ನೇ ಮುಂದೆ ಕರೆಸಿ. ಬೇಸ್‌ಲೈನ್ ಹಿಂದೆ ಸುಖವಾಗಿ ನಿಂತವರಿಗೆ ನೆಟ್ ಅಂದರೆ ಅತ್ತೆಮನೆ. ಒಂದು ಗಿಡ್ಡ ಸ್ಲೈಸ್ ಹಾಕಿ ಅವರನ್ನು ಎಳೆಯಿರಿ, ಓಡಿ ಬಂದು ಹೇಗೋ ಎತ್ತಿ ಹಾಕುತ್ತಾರೆ, ಮುಂದಿನದನ್ನು ತಲೆ ಮೇಲೆ ದಾಟಿಸಿ. ಡ್ರಾಪ್ ಆಮೇಲೆ ಲಾಬ್, ಶಟಲ್‌ನಲ್ಲಿ ಮುಂದೆ ಹಿಂದೆ ಓಡಿಸುತ್ತಿದ್ದಿರಲ್ಲ, ಅದೇ. ಮೊದಲ ಸೆಟ್ ಸೋತರೂ ಬಿಡಬೇಡಿ. ಐವತ್ತು ದಾಟಿದ ಕಾಲು ಎರಡನೇ ಸೆಟ್ಟಿನಲ್ಲಿ ಲೆಕ್ಕ ಕೇಳುತ್ತದೆ.

ಮೊಣಕೈ. ಹೌದು, ಸಂಬಂಧ ಇರಬಹುದು. ಮುನ್ನೂರು ಗ್ರಾಂ ರ್‍ಯಾಕೆಟನ್ನು ಮಣಿಕಟ್ಟಿನಿಂದ ಝಳಪಿಸಿದರೆ ಪೆಟ್ಟು ಮೊಣಕೈ ಹೊರಗಿನ ಸ್ನಾಯುವಿಗೆ ಹೋಗುತ್ತದೆ. ತಡವಾಗಿ ಹೊಡೆಯುವ ಬ್ಯಾಕ್‌ಹ್ಯಾಂಡೂ ಕಾರಣ ಆಗುತ್ತದೆ. ನಿಮ್ಮ ರ್‍ಯಾಕೆಟಿನಲ್ಲಿ ಯಾವ ಸ್ಟ್ರಿಂಗ್ ಇದೆ? ಪಾಲಿಯೆಸ್ಟರ್ ಆದರೆ ಇವತ್ತೇ ತೆಗೆಸಿ, ಸಣ್ಣ ಎಳೆಗಳನ್ನು ಸೇರಿಸಿ ಮಾಡಿದ ಮೆತ್ತಗಿನ ಮಲ್ಟಿಫಿಲಮೆಂಟ್ ಹಾಕಿಸಿ, ಟೆನ್ಷನ್ ಎರಡು ಮೂರು ಪೌಂಡ್ ಇಳಿಸಿ. ಟಾಪ್‌ಸ್ಪಿನ್ ಹೊಡೆಯದ ನಿಮಗೆ ಪಾಲಿಯಿಂದ ಲಾಭವೂ ಇಲ್ಲ. ಗ್ರಿಪ್ ತೀರಾ ಸಣ್ಣದಿದ್ದರೆ ಮೇಲೊಂದು ಓವರ್‌ಗ್ರಿಪ್ ಸುತ್ತಿ. ಶಟಲ್‌ನವರು ಸಣ್ಣ ಹಿಡಿಯೇ ಇಷ್ಟಪಡುತ್ತಾರೆ, ಇಲ್ಲಿ ಅದು ಕೈಯನ್ನು ಜಾಸ್ತಿ ಬಿಗಿ ಹಿಡಿಸುತ್ತದೆ. ನೋವು ಕಡಿಮೆಯಾಗದಿದ್ದರೆ ಫಿಸಿಯೊ ಹತ್ತಿರ ತೋರಿಸಿ, ಆಡುತ್ತಾ ವಾಸಿಯಾಗುತ್ತದೆ ಅಂತ ಕಾಯಬೇಡಿ.

ಶಟಲ್‌ನಿಂದ ಬಂದವ:

ಪಾಲಿಯೇ ಇದೆ ಸರ್, ಅಂಗಡಿಯವರು ನಡಾಲ್ ಹಾಕಿಸುತ್ತಿದ್ದದ್ದೂ ಪಾಲಿ ಸ್ಟ್ರಿಂಗೇ ಅಂತ ಹೇಳಿ ಹಾಕಿಕೊಟ್ಟರು. ನಾಳೆಯೇ ತೆಗೆಸುತ್ತೇನೆ. ಹಾಳೆ ಪೆನ್ನು ಹಿಡಿಯಲು ಆಫೀಸಿನ ಆ ಗೆಳೆಯನನ್ನೇ ಕೂರಿಸುತ್ತೇನೆ.

ಎಡಗೈ ಮೈಸೂರು:

ಅವರಿಗೆ ಬಿಸಿಲಿಗೊಂದು ಟೋಪಿ, ಒಂದು ಫಿಲ್ಟರ್ ಕಾಫಿ ಕೊಡಿಸಿ, ಇಲ್ಲದಿದ್ದರೆ ಎರಡನೇ ಸೆಟ್ಟಿನ ಹೊತ್ತಿಗೆ ಬರೆಯುವುದು ಬಿಟ್ಟು ಮೊಬೈಲ್ ನೋಡುತ್ತಾರೆ. ಮತ್ತೆ ಆ ಹಾಳೆ ಫೋಟೊ ಇಲ್ಲಿ ಹಾಕಿ, ನಾವೂ ನೋಡೋಣ.

ಬೇಸ್‌ಲೈನ್ ಬಸಣ್ಣ:

ಫೋಟೊ ಹಾಕುವಾಗ ಫೋರ್‌ಹ್ಯಾಂಡ್ ಕಾಲಂ ಕತ್ತರಿಸಬೇಡಿ ಬ್ರದರ್, ನಾನು ಅದನ್ನೇ ಮೊದಲು ನೋಡುವುದು.